ಸಹಾಯ ಬೇಕು: ಶಾಲೆಯಲ್ಲಿ ಇರುವುದು ಒಂದೇ ಬೆಂಕಿ ನಂದಿಸುವ ಸಿಲಿಂಡರ್, ಡೆಮೊ ಹೇಗೆ ಮಾಡುವುದು?

ಉಡುಪಿ ಹತ್ತಿರದ ಪ್ರಾಥಮಿಕ ಶಾಲೆ. ಸುರಕ್ಷತಾ ಸಪ್ತಾಹದ ಶುಕ್ರವಾರ ಬೆಂಕಿ ನಂದಿಸುವ ಡೆಮೊ, ಶನಿವಾರ ಸಹಾಯನಿಧಿಗೆ ಗೋಳಿಬಜೆ (ಎಣ್ಣೆಯಲ್ಲಿ ಕರಿಯುವ ತಿಂಡಿ) ಸ್ಟಾಲ್. ಇರುವುದು 4 ಕೆಜಿಯ ಒಂದೇ ಎಬಿಸಿ ಪೌಡರ್ ಸಿಲಿಂಡರ್ (ಕಾಗದ-ಮರ, ಎಣ್ಣೆ-ಪೆಟ್ರೋಲ್, ಗ್ಯಾಸ್ ಬೆಂಕಿಗೆ ಪುಡಿ ಹೊಡೆಯುವಂಥದ್ದು). ಪ್ರೆಶರ್ ಮೀಟರಿನ ಮುಳ್ಳು ಹಸಿರಲ್ಲೇ ಇದೆ, ಅಂದರೆ ಪ್ರೆಶರ್ ಸರಿ ಉಂಟು. ಆದರೆ ಒಂದು ಸಲ ಒತ್ತಿದರೂ ಪುಡಿ ವಾಲ್ವಿನಲ್ಲಿ ಸಿಕ್ಕಿ ಪ್ರೆಶರ್ ನಿಧಾನ ಇಳಿತದೆ, ರೀಫಿಲ್ ಆಗದೆ ಶನಿವಾರಕ್ಕೆ ನಂಬುವ ಹಾಗಿಲ್ಲ. ಪಿನ್ ತೆಗೆಯದೆ ಬರೀ ಬಾಯಲ್ಲಿ ಹೇಳಿ ನೋಡಿದ್ದಾಯಿತು, ಮಕ್ಕಳ ತಲೆಗೆ ಹೋಗಲಿಲ್ಲ.

ಬಾಣಲೆಗೆ ಹತ್ತಿದರೆ ಮೊದಲು ಗ್ಯಾಸ್ ಬಂದ್, ಮುಚ್ಚಳ, ಅದು ಸರಿ. (ಪುಡಿ ಜ್ವಾಲೆ ಆರಿಸ್ತದೆ, ಎಣ್ಣೆ ತಣಿಸುವುದಿಲ್ಲ, ಪುನಃ ಹತ್ತಬಹುದು.) ಆದರೂ ಸ್ಟಾಲಿನ ಬದಿಯಲ್ಲಿ ತುಂಬಿದ ಸಿಲಿಂಡರ್ ಬೇಕೇ ಬೇಕು.

ಡೆಮೊಗೆ 9 ಲೀಟರಿನ ನೀರಿನ ಸಿಲಿಂಡರ್ ತಂದು ಕಾಗದದ ಬೆಂಕಿಗೆ ಹೊಡೆದು ತೋರಿಸಬಹುದು. ಆದರೆ ಮಕ್ಕಳು ಎಣ್ಣೆಗೂ ನೀರೇ ಅಂದುಕೊಂಡರೆ? ರೀಫಿಲ್ ಅವಧಿ ಹತ್ತಿರ ಬಂದ ಪೌಡರ್ ಸಿಲಿಂಡರ್ ಯಾರ ಹತ್ತಿರವಾದರೂ ಉಂಟಾ, ಇಲ್ಲ ನೀರಿನದ್ದರಲ್ಲೇ ತೋರಿಸುವುದಾ?