ಪ್ರತಿದಿನ ಪರಿಶೀಲಿಸುವ ಸರ್ವೆ ಮೀಟರಿಗೆ ಕ್ಯಾಲಿಬ್ರೇಶನ್ ಬೇಕೆ?

ಪ್ರಶ್ನೆ: ವಿಕಿರಣ ಅಳೆಯುವ ನಮ್ಮ ಗೈಗರ್ ಸರ್ವೆ ಮೀಟರನ್ನು ಪ್ರತಿದಿನ ಚೆಕ್ ಸೋರ್ಸ್ (ಪರಿಶೀಲನೆಗೆಂದೇ ಇರುವ ಸಣ್ಣ ವಿಕಿರಣ ಆಕರ) ಮುಂದೆ ಹಿಡಿದು ನೋಡುತ್ತೇವೆ, ಮುಳ್ಳು ಎಂದಿನ ಜಾಗದಲ್ಲೇ ನಿಲ್ಲುತ್ತದೆ. ಹೀಗಿರುವಾಗ ವರ್ಷಕ್ಕೊಮ್ಮೆ ಕ್ಯಾಲಿಬ್ರೇಶನ್‌ಗೆ ಕಳುಹಿಸುವುದು ಅಗತ್ಯವೇ?

ಉತ್ತರ 1: ಖಂಡಿತ ಅಗತ್ಯ. ನಿಮ್ಮ ಪರಿಶೀಲನೆ ಒಂದೇ ಶ್ರೇಣಿಯ ಒಂದೇ ಬಿಂದುವಿನದು. ಕ್ಯಾಲಿಬ್ರೇಶನ್‌ನಲ್ಲಾದರೋ, ಸಾಮಾನ್ಯವಾಗಿ ಸೀಸಿಯಂ-137 ಆಕರದಿಂದ ಮೀಟರಿನ ದೂರವನ್ನು ಬದಲಿಸುತ್ತಾ, ಪ್ರತಿ ಶ್ರೇಣಿಯ ಕೆಳಭಾಗದಲ್ಲೂ ಮೇಲ್ಭಾಗದಲ್ಲೂ ಅದು ತೋರಿಸುವ ಅಂಕಿಯನ್ನು ಮೊದಲೇ ನಿಖರವಾಗಿ ತಿಳಿದಿರುವ ಡೋಸ್ ದರದೊಂದಿಗೆ (ನಿಗದಿತ ಸಮಯದಲ್ಲಿ ಬೀಳುವ ವಿಕಿರಣದ ಪ್ರಮಾಣ) ಹೋಲಿಸುತ್ತಾರೆ; ವ್ಯತ್ಯಾಸ ಶೇ. 20ರೊಳಗಿರಬೇಕೆಂಬುದು ಹಲವೆಡೆ ಪಾಲಿಸುವ ಮಿತಿ.

ಉತ್ತರ 2: ಕ್ಯಾಲಿಬ್ರೇಶನ್ ಪ್ರಮಾಣಪತ್ರದಲ್ಲಿ ಆಕರದ ಹೆಸರನ್ನೂ ದಯವಿಟ್ಟು ಗಮನಿಸಿ. ಸೀಸಿಯಂನ 662 ಕೆಇವಿ (ವಿಕಿರಣದ ಶಕ್ತಿಯ ಅಳತೆ) ಗಾಮಾಗೆ ಹೊಂದಿಸಿದ, ಫಿಲ್ಟರ್ ಇಲ್ಲದ ಗೈಗರ್ ಟ್ಯೂಬ್ (ಮೀಟರಿನಲ್ಲಿ ವಿಕಿರಣವನ್ನು ಗ್ರಹಿಸುವ ಭಾಗ) ಕಡಿಮೆ ಶಕ್ತಿಯ ಎಕ್ಸ್-ರೇಗೆ ಹಲವು ಪಟ್ಟು ಹೆಚ್ಚು ತೋರಿಸಬಲ್ಲದು.

ಪ್ರಶ್ನೆ ಕೇಳಿದವರು: ರಿಪೇರಿಯಾದರೆ?

ಉತ್ತರ 1: ಬ್ಯಾಟರಿ ಬದಲಿಸಿದರೆ ಬೇಡ, ಟ್ಯೂಬ್ ಬದಲಿಸಿದರೆ ಅವಧಿ ಬಾಕಿಯಿದ್ದರೂ ಮತ್ತೆ ಮಾಡಿಸಲೇಬೇಕು.