"ಬ್ರೇಕ್ ಹಿಡಿದಿದೆ" ಎಂದರೆ ಹಿಡಿಯುತ್ತದೆ ಎಂದೇ, ಬಿಡುತ್ತಿಲ್ಲ ಎಂದೇ?

ಎರಡೇ ಪದಗಳ ಒಂದು ವಾಕ್ಯದ ಅರ್ಥವನ್ನು ಕುರಿತು ಬಲ್ಲವರನ್ನು ಕೇಳಬೇಕಾಗಿದೆ. ವಾಕ್ಯ ಇಷ್ಟೇ: "ಬ್ರೇಕ್ ಹಿಡಿದಿದೆ." ಇದನ್ನು ಕೇಳಿದವರು ಬ್ರೇಕ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದು ತಿಳಿಯುತ್ತಾರೆಯೋ, ಕಾಲು ತೆಗೆದ ಮೇಲೂ ಅದು ಚಕ್ರವನ್ನು ಬಿಡುತ್ತಿಲ್ಲ ಎಂದು ತಿಳಿಯುತ್ತಾರೆಯೋ? ನಾನು ಮೊದಲನೆಯ ಅರ್ಥ ಮಾಡಿಕೊಂಡೆ. ಹೇಳಿದವರ ಮನಸ್ಸಿನಲ್ಲಿದ್ದುದು ಎರಡನೆಯದು. ಇಬ್ಬರೂ ಕಲಬುರಗಿಯವರೇ, ಇಬ್ಬರೂ ಆಡಿದ್ದು ಕನ್ನಡವನ್ನೇ.

ಸಂದರ್ಭವನ್ನು ಸ್ವಲ್ಪ ವಿವರಿಸದೆ ಪ್ರಶ್ನೆ ಸ್ಪಷ್ಟವಾಗದು. ನಮ್ಮ ಕಾಕಾ ಬಹಳ ವರ್ಷಗಳ ಹಿಂದೆ ಹೈದರಾಬಾದಿನಿಂದ ಕೊಂಡು ತಂದ ಟ್ರಯಂಫ್ ಸ್ಪಿಟ್‌ಫೈರ್ ಎಂಬ ಇಬ್ಬರೇ ಕೂರುವ ಕಾರೊಂದು ನಮ್ಮ ಮನೆಯಲ್ಲಿದೆ. ಇಂಗ್ಲೆಂಡಿನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರಿನ ಬಿಡಿಭಾಗಗಳು ನಮ್ಮ ಊರಿನಲ್ಲಿ ಸಿಗುವುದಿಲ್ಲ. ಆದರೆ ಇದನ್ನು ಹೆರಾಲ್ಡ್ ಕಾರಿನ ಚಾಸಿಯನ್ನು ಗಿಡ್ಡ ಮಾಡಿ ಅದರ ಮೇಲೆ ಕಟ್ಟಿದ್ದರಿಂದಲೂ, ಆ ಹೆರಾಲ್ಡ್ ಮದರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಿಂದ ತಯಾರಾಗುತ್ತಿದ್ದುದರಿಂದಲೂ, ವಯಸ್ಸಾದ ಮಿಸ್ತ್ರಿಗಳಿಗೆ ಇದರ ಹಿಂದಿನ ಚಕ್ರಗಳ ಬ್ರೇಕ್ ಅಷ್ಟೇನೂ ಹೊಸದಲ್ಲ. ಮುಂದಿನ ಎರಡು ಚಕ್ರಗಳಿಗೆ ಡಿಸ್ಕ್, ಹಿಂದಿನ ಎರಡಕ್ಕೆ ಏಳು ಇಂಚಿನ ಡ್ರಮ್, ಅಂದರೆ ಗಾಲಿಯೊಂದಿಗೆ ಸುತ್ತುವ ಡಬ್ಬಿ; ಶೂ ಎಂಬ ಬಾಗಿದ ತುಂಡುಗಳು ಅದರ ಒಳಮೈಗೆ ಒತ್ತಿದಾಗ ಗಾಲಿ ನಿಲ್ಲುತ್ತದೆ. ಮೂರು ವರ್ಷ ನಿಂತಲ್ಲೇ ನಿಂತಿದ್ದ ಈ ಕಾರನ್ನು ಅಂಗಳದ ಶಹಾಬಾದ್ ಫರಸಿಯ ಮೇಲೆ ಜಾಕ್ ಕೊಟ್ಟು ಎತ್ತಿ, ಸ್ಟ್ಯಾಂಡುಗಳ ಮೇಲೆ ಕೂರಿಸಿ, ಹರೆಯದಲ್ಲಿ ಹೆರಾಲ್ಡುಗಳನ್ನು ರಿಪೇರಿ ಮಾಡಿದ್ದ ಒಬ್ಬ ಮಿಸ್ತ್ರಿ ಚಾಚಾರನ್ನು ಕರೆಸಿ ತೋರಿಸಿದೆ.

ಅವರು ಒಂದೊಂದೇ ಗಾಲಿಯನ್ನು ಕೈಯಿಂದ ತಿರುವಿ ನೋಡಿ ಹೇಳುತ್ತ ಹೋದರು, ನಾನು ನೋಟ್‌ಪುಸ್ತಕದಲ್ಲಿ ಬರೆದುಕೊಳ್ಳುತ್ತ ಹೋದೆ. ಹಿಂದಿನ ಎಡಗಾಲಿಯ ಬಳಿ ಕುಕ್ಕರಗಾಲಲ್ಲಿ ಕುಳಿತು "ಇದು ಹಿಡ್ದದ ನೋಡ್ರಿ ಸರ" ಎಂದರು. ನಾನು "ಹಿಂದೆ, ಎಡ: ಹಿಡಿಯುತ್ತದೆ" ಎಂದು ಶಿಷ್ಟ ಕನ್ನಡಕ್ಕೆ ತಿರುಗಿಸಿ ಬರೆದು, ಪಕ್ಕದಲ್ಲಿ ಸರಿ ಎಂಬ ಗುರುತನ್ನೂ ಹಾಕಿದೆ. ಆಗ ನನ್ನ ಕಣ್ಣು ಪುಸ್ತಕದ ಮೇಲಿತ್ತೇ ಹೊರತು ಗಾಲಿಯ ಮೇಲೆ ಇರಲಿಲ್ಲ. ಇದ್ದಿದ್ದರೆ, ಉಳಿದ ಗಾಲಿಗಳಂತೆ ಅದು ಸರಾಗವಾಗಿ ಸುತ್ತದೆ ಅರ್ಧ ಸುತ್ತಿಗೇ ನಿಲ್ಲುತ್ತಿದ್ದುದು ಕಾಣುತ್ತಿತ್ತು. ಮುಂದಿನ ಪ್ಯಾಡುಗಳನ್ನು ನಾನೇ ಬದಲಾಯಿಸಿದೆ. ಭಾನುವಾರ ಬೆಳಿಗ್ಗೆ ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರದವರೆಗೆ ಹೋಗಿಬರೋಣವೆಂದು ಹೊರಟೆ.

ಕಮಲಾಪುರ ಸಮೀಪಿಸುತ್ತಿದ್ದಂತೆ ಕಮಟು ವಾಸನೆ ಬರತೊಡಗಿತು. ಇಳಿದು ನೋಡಿದರೆ ಎಡಗಾಲಿಯ ಹತ್ತಿರ ಕೈ ಒಯ್ಯಲಾಗದಷ್ಟು ಝಳ. ಬಾಟಲಿಯಿಂದ ನಾಲ್ಕು ಹನಿ ನೀರು ಚಿಮುಕಿಸಿದೆ. ಕಾದ ಹಂಚಿನ ಮೇಲೆ ಬಿದ್ದಂತೆ ಚುಂಯ್ ಎಂದು ಇಂಗಿಹೋದವು. ಅರ್ಧ ಗಂಟೆ ಆರಲು ಬಿಟ್ಟು ನಿಧಾನವಾಗಿ ಮನೆಗೆ ಬಂದು ಡ್ರಮ್ ಬಿಚ್ಚಿದಾಗ ಶೂಗಳ ಲೈನಿಂಗ್ (ಡ್ರಮ್ಮಿಗೆ ಉಜ್ಜುವ ಪದರ) ಗಾಜಿನಂತೆ ಮಿರಮಿರ ಮಿಂಚುತ್ತಿತ್ತು. ಬ್ರೇಕ್ ತುಳಿದಾಗ ಶೂಗಳನ್ನು ತಳ್ಳುವುದು ಒಂದು ಸಣ್ಣ ಸಿಲಿಂಡರ್ ಮತ್ತು ಅದರೊಳಗೆ ಜಾರುವ ಪಿಸ್ಟನ್. ಅಲ್ಲಿ ನಾನು ಕಂಡದ್ದನ್ನು ಪುಸ್ತಕದಲ್ಲಿ ಹೀಗೆ ಬರೆದೆ: "ಸಿಲಿಂಡರಿನ ಒಳಗೆ ತುಕ್ಕು ಹಿಡಿದು, ಪಿಸ್ಟನ್ ಹಿಡಿದು, ಬ್ರೇಕ್ ಹಿಡಿದಿತ್ತು, ಆದ್ದರಿಂದಲೇ ಕಾದು ಬ್ರೇಕ್ ಹಿಡಿಯದಾಯಿತು." ಬರೆದ ಮೇಲೆ ಓದಿಕೊಂಡೆ. ಒಂದೇ ವಾಕ್ಯದಲ್ಲಿ "ಹಿಡಿ" ಧಾತು ನಾಲ್ಕು ಸಲ ಬಂದಿದೆ, ನಾಲ್ಕು ಸಲವೂ ಬೇರೆ ಕೆಲಸ ಮಾಡಿದೆ, ಕೊನೆಯ ಎರಡು ಒಂದಕ್ಕೊಂದು ವಿರುದ್ಧವಾಗಿಯೂ ಇವೆ. ಆದರೂ ವಾಕ್ಯ ತಪ್ಪಲ್ಲ. ಮಿಸ್ತ್ರಿ ಚಾಚಾ ಮರುದಿನ ಬಂದು ನೋಡಿ ಹೇಳಿದ್ದೂ ಇಷ್ಟೇ: "ನಾ ಅವತ್ತೇ ಹೇಳಿದ್ನಲ್ರಿ, ಹಿಡ್ದದಂತ."

ನನಗೆ ತೋಚಿದ ವಿವರಣೆಯನ್ನು ಮುಂದಿಡುತ್ತೇನೆ, ತಪ್ಪಿದ್ದರೆ ತಿದ್ದಬೇಕು. "ಹಿಡಿಯುತ್ತದೆ" ಎಂದಾಗ ನಾವು ಬ್ರೇಕಿನ ಸ್ವಭಾವವನ್ನು ಹೇಳುತ್ತೇವೆ. ತುಳಿದಾಗಲೆಲ್ಲ ಹಿಡಿಯುವುದು, ಕಾಲು ತೆಗೆದಾಗಲೆಲ್ಲ ಬಿಡುವುದು ಅದರ ಗುಣ. "ಹಿಡಿದಿದೆ" ಎಂದಾಗ ಆಗಿಹೋದ ಕ್ರಿಯೆಯ ಫಲ ಈಗಲೂ ಹಾಗೆಯೇ ಉಳಿದಿದೆ ಎನ್ನುತ್ತೇವೆ, ಮತ್ತು ಬ್ರೇಕಿನ ವಿಷಯದಲ್ಲಿ ಉಳಿಯುವುದೇ ರೋಗ. ಅಡುಗೆಮನೆಯಲ್ಲಿ "ಅನ್ನ ತಳ ಹಿಡಿದಿದೆ" ಎಂದರೆ ಯಾರೂ ಸಂತೋಷಪಡುವುದಿಲ್ಲ. ಹಾಗೆ ನೋಡಿದರೆ ಭೂತಕಾಲದಿಂದ ಬಂದ ಈ ರೂಪದಲ್ಲಿ "ಹಿಡಿ" ಬಹುಮಟ್ಟಿಗೆ ಕೆಟ್ಟ ಸುದ್ದಿಯನ್ನೇ ತರುತ್ತದೆ: ಸೊಂಟ ಹಿಡಿದಿದೆ, ಕತ್ತು ಹಿಡಿದಿದೆ, ತುಕ್ಕು ಹಿಡಿದಿದೆ, ಗ್ರಹಣ ಹಿಡಿದಿದೆ, ಮಂಕು ಹಿಡಿದಿದೆ. ಮಳೆ ಹಿಡಿದಿದೆ ಎಂಬುದೊಂದು ಅಪವಾದ. ಅದೂ ತೊಗರಿ ಹೂ ಬಿಡುವ ಹೊತ್ತಿನಲ್ಲಾದರೆ ಅಪವಾದವೇನಲ್ಲ.

ಈ ಉದಾಹರಣೆಗಳಲ್ಲಿಯೇ ಎರಡು ಬಗೆಗಳಿವೆ. ಸೊಂಟ ಹಿಡಿದಿದೆ ಎಂದಾಗ ಕೆಟ್ಟಿರುವುದು ಸೊಂಟವೇ; ವಾಕ್ಯದ ಕರ್ತೃವೇ ರೋಗಿ. ಕಬ್ಬಿಣಕ್ಕೆ ತುಕ್ಕು ಹಿಡಿದಿದೆ, ಚಂದ್ರನಿಗೆ ಗ್ರಹಣ ಹಿಡಿದಿದೆ ಎಂದಾಗ ಕರ್ತೃ ರೋಗ, ರೋಗಿ ಚತುರ್ಥಿಯಲ್ಲಿದ್ದಾನೆ. ಹಾಗಾದರೆ "ಬ್ರೇಕ್ ಹಿಡಿದಿದೆ" ಎಂಬಲ್ಲಿ ಬ್ರೇಕ್ ರೋಗಿಯೋ, ರೋಗವೋ? ಮಿಸ್ತ್ರಿ ಚಾಚಾರನ್ನೇ ಸುತ್ತಿ ಬಳಸಿ ಕೇಳಿ ನೋಡಿದೆ. "ಗಾಲಿಗ ಬ್ರೇಕ್ ಹಿಡ್ದದ" ಎಂಬುದನ್ನು ಅವರು ತಕ್ಷಣ ಒಪ್ಪಿದರು. "ಸಿಲಿಂಡರಿಗ ಪಿಸ್ಟನ್ ಹಿಡ್ದದ" ಎಂಬುದನ್ನು ಒಪ್ಪದೆ, "ಹಂಗಲ್ರಿ, ಸಿಲಿಂಡರಿನಾಗ ಪಿಸ್ಟನ್ ಹಿಡ್ಕೊಂಡದ" ಎಂದು ತಿದ್ದಿದರು. ಅಂದರೆ ಅವರ ಕನ್ನಡದಲ್ಲಿ ಬ್ರೇಕ್ ಗಾಲಿಗೆ ತಗುಲಿದ ರೋಗ. ಪಿಸ್ಟನ್ ತಾನೇ ರೋಗಿ, ಮತ್ತು ರೋಗಿಗೆ "ಕೊಳ್ಳು" ಎಂಬ ಸಹಾಯಕ ಕ್ರಿಯಾಪದ ಬೇಕೇ ಬೇಕು. ಈ ವ್ಯತ್ಯಾಸವನ್ನು ಯಾವ ಶಾಲೆಯಲ್ಲೂ ಕಲಿಯದೆ ಇಷ್ಟು ಖಚಿತವಾಗಿ ಪಾಲಿಸುವುದನ್ನು ಕಂಡು, ನಾನು "ಹಿಡಿಯುತ್ತದೆ" ಎಂದು ತಿದ್ದಿ ಬರೆದುಕೊಂಡದ್ದಕ್ಕೆ ನಾಚಿಕೆಯಾಯಿತು. ಅವರಿಂದ ಕೇಳಿದ್ದನ್ನು ಕೇಳಿದಂತೆಯೇ ಬರೆದಿದ್ದರೆ, ಸಂಜೆ ಓದುವಾಗಲಾದರೂ ಅನುಮಾನ ಬರುತ್ತಿತ್ತು.

ಇದಕ್ಕೆ ತೊಡಕು ಹೆಚ್ಚಿಸುವಂತೆ, ಮನುಷ್ಯನೇ ಕರ್ತೃವಾದಾಗ ಅರ್ಥ ಮತ್ತೆ ಬದಲಾಗುತ್ತದೆ. ಸೈಕಲ್ಲಿನವನು "ಬ್ರೇಕ್ ಹಿಡಿದೆ, ಆದರೆ ಹಿಡೀಲಿಲ್ಲ" ಎಂದರೆ ಮೊದಲನೆಯದು ಕೈಯ ಹಿಡಿತ, ಎರಡನೆಯದು ರಬ್ಬರಿನ ಹಿಡಿತ. ಕಾರಿನಲ್ಲಿ ಬ್ರೇಕನ್ನು ತುಳಿಯುತ್ತಾರೆ, ಹಾಕುತ್ತಾರೆ, ನಮ್ಮ ಕಡೆ ಹೆಚ್ಚಾಗಿ ಹೊಡೆಯುತ್ತಾರೆ. ಹ್ಯಾಂಡ್ ಬ್ರೇಕನ್ನು ಎಳೆಯುತ್ತಾರೆ.

ಕಲಬುರಗಿಯಲ್ಲಿ "ಹಿಡಿ"ಗೆ ಜೊತೆಯಾಗಿ ಇನ್ನೊಂದು ಕ್ರಿಯಾಪದವೂ ಬ್ರೇಕಿಗೆ ಬಳಕೆಯಲ್ಲಿದೆ, ಅದು "ಹತ್ತು". ಬ್ರೇಕ್ ಕೆಲಸ ಮಾಡದಿದ್ದರೆ "ಬ್ರೇಕ್ ಹತ್ತವಲ್ದು" ಎನ್ನುತ್ತಾರೆ. ಮರಾಠಿಯವರು "ಬ್ರೇಕ್ ಲಾಗತ್ ನಾಹೀ" ಎನ್ನುವಲ್ಲಿ, ಹಿಂದಿಯವರು "ಬ್ರೇಕ್ ನಹೀಂ ಲಗ್ ರಹಾ" ಎನ್ನುವಲ್ಲಿ ನಮ್ಮದು "ಹತ್ತು". ಬೆಂಕಿ ಹತ್ತುವುದು, ಹಸಿವು ಹತ್ತುವುದು, ಅಂಗಿಗೆ ಬಣ್ಣ ಹತ್ತುವುದು ಎಲ್ಲದರಲ್ಲೂ ಈ ಮೂರು ಭಾಷೆಗಳು ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತವೆ. ಇನ್ನೊಂದು ಕಡೆ ತಮಿಳರ "ಬ್ರೇಕ್ ಪಿಡಿಕ್ಕಲೈ" ನಮ್ಮ "ಹಿಡಿಯುವುದಿಲ್ಲ" ಎಂಬುದಕ್ಕೆ ನೇರ ಸಂಬಂಧಿ, ಏಕೆಂದರೆ ನಮ್ಮ "ಹಿಡಿ" ಹಳಗನ್ನಡದಲ್ಲಿ "ಪಿಡಿ"ಯೇ ಆಗಿತ್ತು. ಮಿಸ್ತ್ರಿ ಚಾಚಾ ಎರಡನ್ನೂ ಬಳಸುತ್ತಾರೆ, ಆದರೆ ಒಂದರ ಬದಲು ಒಂದನ್ನಲ್ಲ. ಶೂ ಡ್ರಮ್ಮಿಗೆ ಬರಿದೇ ಸವರುತ್ತಿದ್ದರೆ "ಡ್ರಮ್ಮಿಗ ಹತ್ತಲತ್ತದ". ಬಿಗಿಯಾಗಿ ಅಮರಿದ್ದರೆ "ಹಿಡ್ದದ". ಇಲ್ಲೊಂದು ಸೊಗಸಿದೆ. ಕಲಬುರಗಿಯ "ಮಾಡಲತ್ಯಾನ", ಧಾರವಾಡದ "ಮಾಡಾಕತ್ತಾನ" ಎಂಬ ವರ್ತಮಾನ ರೂಪಗಳು "ಮಾಡಲು ಹತ್ತು" ಎಂಬುದರಿಂದಲೇ ಬಂದವಾದ್ದರಿಂದ, "ಹತ್ತಲತ್ತದ" ಎಂಬ ಒಂದೇ ಪದದೊಳಗೆ "ಹತ್ತು" ಎರಡು ಸಲ ಕುಳಿತಿದೆ, ಒಮ್ಮೆ ಅರ್ಥವಾಗಿ, ಇನ್ನೊಮ್ಮೆ ವ್ಯಾಕರಣವಾಗಿ.

ಸಿಲಿಂಡರನ್ನು ಸರಿಪಡಿಸುವ ಕೆಲಸದಲ್ಲೂ ಪದಗಳೇ ಮತ್ತೆ ಮತ್ತೆ ಕಾಲಿಗೆ ತೊಡರಿದವು. ಈ ಕಾರಿನ ಹಿಂದಿನ ಸಿಲಿಂಡರಿಗೆ ಒಂದೇ ಪಿಸ್ಟನ್. ಅದು ಒಂದು ಶೂವನ್ನು ತಳ್ಳಿದಾಗ, ಸಿಲಿಂಡರೇ ಹಿಂಬದಿಯ ತಗಡಿನ ಸೀಳಿನಲ್ಲಿ ಎದುರು ದಿಕ್ಕಿಗೆ ಜಾರಿ ಎರಡನೆಯ ಶೂವನ್ನು ತಳ್ಳಬೇಕು. ನಮ್ಮದರಲ್ಲಿ ಪಿಸ್ಟನ್ನೂ ಹಿಡಿದುಕೊಂಡಿತ್ತು, ಸಿಲಿಂಡರೂ ಸೀಳಿನಲ್ಲಿ ಹಿಡಿದುಕೊಂಡಿತ್ತು. ಕಾರಣ ಹಳೆಯ ಬ್ರೇಕ್ ದ್ರವ. ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ, ಆ ನೀರು ಒಳಗಿನಿಂದ ತುಕ್ಕು ಹಿಡಿಸುತ್ತದೆ. ಡಾಟ್ 4 ಎಂಬ ದರ್ಜೆಯ ದ್ರವ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ನೀರು ಹೀರಿದ ಮೇಲೆ ಅದಕ್ಕಿರುವ ಮಿತಿ 155 ಡಿಗ್ರಿ ಮಾತ್ರ. ಅಂಗಡಿಗಳಲ್ಲಿ ಇದನ್ನು "ಬ್ರೇಕ್ ಆಯಿಲ್" ಎಂದೇ ಮಾರುತ್ತಾರೆ. ಅದನ್ನು "ಬ್ರೇಕ್ ಎಣ್ಣೆ" ಎಂದು ಕನ್ನಡಿಸುವುದಕ್ಕೆ ನನ್ನ ಬಲವಾದ ವಿರೋಧವಿದೆ: ಇದು ಎಣ್ಣೆಯಲ್ಲ, ಎಣ್ಣೆಯೆಂದು ನಂಬಿ ಯಾರಾದರೂ ಎಂಜಿನ್ ಆಯಿಲ್ ಸುರಿದರೆ ರಬ್ಬರಿನ ಸೀಲುಗಳು ಉಬ್ಬಿ ಬ್ರೇಕೇ ಹೋಗುತ್ತದೆ. ಅದೇ ಕೆಲಸದಲ್ಲಿ ಒಂದು ಒಳ್ಳೆಯ ಕನ್ನಡ ಪದವೂ ಬಳಕೆಗೆ ಬಂತು. ಹಳೆಯ ಲೈನಿಂಗುಗಳಲ್ಲಿ "ಕಲ್ನಾರು" (ಆಸ್ಬೆಸ್ಟಾಸ್) ಇರುತ್ತಿದ್ದುದರಿಂದ ಡ್ರಮ್ಮಿನ ಧೂಳನ್ನು ಊದಬಾರದು, ಒದ್ದೆ ಬಟ್ಟೆಯಿಂದ ಒರೆಸಬೇಕು.

ಹೊಸ ಸಿಲಿಂಡರ್ ಕೂರಿಸಿದ ಮೇಲೆ ಪೈಪಿನೊಳಗಿನ ಗಾಳಿಯನ್ನು ಹೊರಹಾಕಬೇಕು. ಇದಕ್ಕೆ ನಮ್ಮಲ್ಲಿ "ಹವಾ ತೆಗೆಯುವುದು" ಎನ್ನುತ್ತಾರೆ. ಟೈರಿನ ಗಾಳಿ ಇಳಿಸುವುದಕ್ಕೂ ಅದೇ ಮಾತು, ಆದರೆ ಅಲ್ಲಿ ಯಾರೂ ಎಡವುವುದನ್ನು ನಾನು ಕಂಡಿಲ್ಲ. ಎಡವಿದ್ದು "ಬಿಡು" ಎಂಬಲ್ಲಿ. ಅಣ್ಣನ ಮಗನನ್ನು ಪೆಡಲಿನ ಮೇಲೆ ಕೂರಿಸಿ "ತುಳಿ", "ಹಿಡಿ" ಎನ್ನುತ್ತಿದ್ದೆ. ಅವನು ಪೆಡಲನ್ನು ಒತ್ತಿ ಹಿಡಿದಿರುವಾಗ ನಾನು ಸಿಲಿಂಡರಿನ ನಿಪ್ಪಲನ್ನು (ಗಾಳಿ ಹೊರಬಿಡುವ ತಿರುಪನ್ನು) ಪಾನಾದಿಂದ ಸಡಿಲಿಸಿ, ಬಾಟಲಿಯೊಳಗೆ ಗುಳ್ಳೆಗಳು ಹೊರಟುಹೋದ ಮೇಲೆ ಬಿಗಿ ಮಾಡಬೇಕು, ಆಮೇಲೆಯೇ ಅವನು ಕಾಲು ತೆಗೆಯಬೇಕು. ನಾನು ನಿಪ್ಪಲನ್ನು ಕುರಿತು "ಬಿಡ್ತೀನಿ ನೋಡು" ಎಂದೆ. ಅವನು "ಬಿಡು" ಎಂದು ಕೇಳಿಸಿಕೊಂಡು ಪೆಡಲ್ ಬಿಟ್ಟ. ತೆಗೆದಷ್ಟು ಗಾಳಿ ಮತ್ತೆ ಒಳಗೆ ಹೋಯಿತು. ಅಲ್ಲಿಂದ ಮುಂದೆ ಪೆಡಲಿಗೆ "ಎತ್ತು" ಎಂದೂ ನಿಪ್ಪಲಿಗೆ "ಸಡಿಲು" ಎಂದೂ ಒಪ್ಪಂದ ಮಾಡಿಕೊಂಡೆವು.

ಬ್ರೇಕಿಗೆ "ಬಿರಿ" ಎಂಬ ಕನ್ನಡ ಪದ ನಿಘಂಟಿನಲ್ಲಿದೆಯಲ್ಲ, ಅದನ್ನು ಬಳಸಿದರೆ ತೊಡಕು ತಪ್ಪುವುದಿಲ್ಲವೇ ಎಂದು ಮೈಸೂರು ಕಡೆಯ ಸ್ನೇಹಿತರೊಬ್ಬರು ಕೇಳಿದರು. ತಪ್ಪುವುದಿಲ್ಲ, ಏಕೆಂದರೆ ತೊಡಕಿರುವುದು ನಾಮಪದದಲ್ಲಲ್ಲ. ಅದೂ ಅಲ್ಲದೆ ಬೇಸಿಗೆಯಲ್ಲಿ ಎರೆನೆಲ ಬಿರಿಯುವುದನ್ನು ಕಂಡು ಬೆಳೆದ ನಮಗೆ "ಬಿರಿ" ಎಂದೊಡನೆ ಬಿರುಕು ನೆನಪಾಗುತ್ತದೆ. "ಬಿರಿ ಹಿಡಿದಿದೆ" ಎಂದರೆ ಇಲ್ಲಿ ಯಾವ ಮಿಸ್ತ್ರಿಯೂ ತಲೆಯೆತ್ತಿ ನೋಡುವುದಿಲ್ಲ. ಅದೇ ಸ್ನೇಹಿತರು ಪಿಸ್ಟನ್ನಿಗೆ ಸೂಚಿಸಿದ "ಕಚ್ಚಿಕೊಂಡಿದೆ" ಎಂಬ ಮಾತು ನನಗೆ ಹಿಡಿಸಿತು. (ಹಿಡಿಸುವುದು ಐದನೆಯ ಅರ್ಥ.)

ಈ ರಿಪೇರಿಯನ್ನು ಮುಂದೆ ಮನೆಯ ಮಕ್ಕಳು ಓದಿಕೊಂಡು ಮಾಡುವಂತೆ ಕನ್ನಡದಲ್ಲಿ ಬರೆದಿಡುತ್ತಿದ್ದೇನೆ. ಸದ್ಯಕ್ಕೆ ಕೆಲಸ ಮಾಡುವ ಬ್ರೇಕಿಗೆ "ಹಿಡಿಯುತ್ತದೆ", ಗಾಲಿಯನ್ನು ಸುತ್ತಗೊಡದ ಬ್ರೇಕಿಗೆ "ಬಿಡುತ್ತಿಲ್ಲ", ಪಿಸ್ಟನ್ನಿಗೆ "ಕಚ್ಚಿಕೊಂಡಿದೆ" ಎಂದು ಬರೆಯುತ್ತಿದ್ದೇನೆ, "ಹಿಡಿದಿದೆ" ಎಂಬ ರೂಪವನ್ನು ಎಲ್ಲಿಯೂ ಬಳಸುತ್ತಿಲ್ಲ. ಒಂದು ಕಡೆ ಮಾತ್ರ ಮಿಸ್ತ್ರಿ ಚಾಚಾರ ಮಾತನ್ನು ಮೀರಿಸುವಂತೆ ಬರೆಯಲು ನನ್ನಿಂದಾಗಲಿಲ್ಲ. ಶೂ ಮತ್ತು ಡ್ರಮ್ಮಿನ ನಡುವಿನ ಅಂತರವನ್ನು ಅಡ್ಜಸ್ಟರಿನಿಂದ ಹೊಂದಿಸುವ ಬಗೆಯನ್ನು ಅವರು ಹೀಗೆ ಹೇಳಿದರು: "ಹಿಡಿಯೋ ತನಕ ತಿರುವ್ರಿ, ಬಿಡೋ ತನಕ ಹಿಂದ ತರ್ರಿ." ಇದನ್ನು ಹಾಗೆಯೇ ಇಟ್ಟಿದ್ದೇನೆ.

ಯಾದಗಿರಿ, ಬೀದರ್ ಕಡೆಯವರು ಮತ್ತು ದಕ್ಷಿಣದ ಜಿಲ್ಲೆಗಳವರು ತಮ್ಮ ಊರಿನ ಮಿಸ್ತ್ರಿಯ ಬಾಯಲ್ಲಿ "ಬ್ರೇಕ್ ಹಿಡಿದಿದೆ" ಎಂಬುದಕ್ಕೆ ಯಾವ ಅರ್ಥವಿದೆ, ಗಾಲಿಯನ್ನು ಬಿಡದ ಬ್ರೇಕಿಗೆ ಅವರು ಬೇರೆ ಕ್ರಿಯಾಪದವನ್ನು ಬಳಸುತ್ತಾರೆಯೇ ಎಂಬುದನ್ನು, ಸಾಧ್ಯವಾದರೆ ಅವರು ಆಡಿದ ವಾಕ್ಯವನ್ನೇ ತಿದ್ದದೆ ಬರೆದು, ತಿಳಿಸಬೇಕೆಂದು ಕೋರುತ್ತೇನೆ.