ಮೆಲ್ಬರ್ನ್‌ನಲ್ಲಿ ಅಕ್ಟೋಬರ್ ಬಂತೆಂದರೆ ಸೀನು: ನೀವೆಲ್ಲ ಏನು ಮಾಡುತ್ತೀರಿ?

ಪ್ರಶ್ನೆ: ಬೆಂಗಳೂರಿನಲ್ಲಿದ್ದಾಗ ನನಗೆ ಅಲರ್ಜಿ ಅಂದರೇನು ಅಂತಲೇ ಗೊತ್ತಿರಲಿಲ್ಲ. ಇಲ್ಲಿಗೆ ಬಂದು ಕೆಲವು ವರ್ಷ ಆದಮೇಲೆ ಹೇ ಫೀವರ್ ಶುರುವಾಗಿದೆ. ಎದ್ದ ತಕ್ಷಣ ಸೀನಿನ ಮೇಲೆ ಸೀನು, ಕಣ್ಣು ಕೆಂಪು, ಅಂಗುಳಲ್ಲಿ ತುರಿಕೆ. ಸಮುದ್ರದ ಪಕ್ಕದ ಊರು, ಗಾಳಿ ಚೆನ್ನಾಗಿರಬೇಕು ಅಲ್ವಾ? ಮಾತ್ರೆ ಬಿಟ್ಟು ಇನ್ನೇನಾದರೂ ಇದೆಯಾ?

ಟಾರ್ನೀಟ್‌ನಿಂದ:
ಸಮುದ್ರ ಇರುವುದು ದಕ್ಷಿಣಕ್ಕೆ, ಕಾಟ ಬರುವುದು ಉತ್ತರದಿಂದ. ಊರಿನ ಉತ್ತರಕ್ಕೂ ಪಶ್ಚಿಮಕ್ಕೂ ಕಣ್ಣು ಹಾಯಿಸಿದಷ್ಟು ದೂರ ಹುಲ್ಲುಗಾವಲು, ಅದರಲ್ಲಿ ರೈ ಹುಲ್ಲೇ ಮುಖ್ಯ ಆರೋಪಿ. ಮಳೆ ಚೆನ್ನಾಗಿ ಆದ ವರ್ಷ ಹುಲ್ಲೂ ಸೊಂಪು, ನಮ್ಮ ಗೋಳೂ ಸೊಂಪು. ಬಿಸಿ ಒಣ ಉತ್ತರದ ಗಾಳಿ ಬೀಸಿದ ದಿನ ನಮ್ಮ ಕಡೆ ಕಿಟಕಿ ತೆಗೆಯುವ ಹಾಗೇ ಇಲ್ಲ, ಗಾಳಿ ಕೊಲ್ಲಿಯ ಕಡೆಯಿಂದ ತಿರುಗಿದರೆ ಸ್ವಲ್ಪ ಹೊತ್ತಿಗೇ ಮೂಗು ಹಗುರ. ಹಾಗಾಗಿ ಬೆಳಿಗ್ಗೆ ಕಾಫಿ ಕುಡಿಯುತ್ತಾ ಎರಡು ನೋಡುತ್ತೇನೆ: ಗಾಳಿ ಯಾವ ಕಡೆಯಿಂದ, ಪರಾಗದ ಲೆಕ್ಕ ಎಷ್ಟು. ಒಂದು ಘನ ಮೀಟರ್ ಗಾಳಿಯಲ್ಲಿ ಹುಲ್ಲಿನ ಪರಾಗ 50 ಮುಟ್ಟಿದರೆ ಜಾಸ್ತಿ, 100 ಮುಟ್ಟಿದರೆ ವಿಪರೀತ. ಅಂಥ ದಿನ ಬಟ್ಟೆ ಹೊರಗೆ ಒಣಹಾಕುವುದಿಲ್ಲ. ಕಾರಿನಲ್ಲಿ ಒಳಗಿನ ಗಾಳಿಯೇ ಸುತ್ತುವ ಬಟನ್ ಒತ್ತುತ್ತೇನೆ. ಮನೆಗೆ ಬಂದ ಕೂಡಲೇ ಸ್ನಾನ, ತಲೆಗೂ ಸೇರಿಸಿ. ವಾಟಲ್ ಅನ್ನುವ ಇಲ್ಲಿನ ಮರದ ಹಳದಿ ಹೂವನ್ನು ಸುಮ್ನೆ ಬೈಯಬೇಡಿ, ಅದರ ಪರಾಗ ಭಾರ, ಗಾಳಿಯಲ್ಲಿ ಅಷ್ಟು ದೂರ ಹಾರುವುದಿಲ್ಲ.

ಗ್ಲೆನ್ ವೇವರ್ಲಿಯಿಂದ:
ಸೆಟಿರಿಜಿನ್ ಅನ್ನುವ ಅಲರ್ಜಿ ಮಾತ್ರೆ ಸೀನಿಗೆ, ತುರಿಕೆಗೆ ಪರವಾಗಿಲ್ಲ. ಕಟ್ಟಿದ ಮೂಗಿಗೆ ಸಾಲದು. ಅದಕ್ಕೆ ಸ್ಟೀರಾಯ್ಡ್ ಸ್ಪ್ರೇ ಬೇಕು. ಸ್ಟೀರಾಯ್ಡ್ ಅಂದ ಕೂಡಲೇ ಊರಲ್ಲಿರುವ ಅಮ್ಮಂದಿರು ಗಾಬರಿಯಾಗುತ್ತಾರೆ, ಆದರೆ ಇದು ಮೂಗಿನೊಳಗೇ ಕೆಲಸ ಮಾಡುವ ಸಣ್ಣ ಡೋಸ್. ಜನ ಎರಡು ದಿನ ಹೊಡೆದು "ಏನೂ ಆಗಲಿಲ್ಲ" ಅಂತ ಮೂಲೆಗೆ ಎಸೆಯುತ್ತಾರೆ. ಪೂರ್ತಿ ಗುಣ ಕಾಣಲು ಒಂದೆರಡು ವಾರ ಬೇಕು, ದಿನಾ ಹಾಕಬೇಕು, ಸೆಪ್ಟೆಂಬರ್‌ನಲ್ಲೇ ಶುರು ಮಾಡಿದರೆ ಇನ್ನೂ ವಾಸಿ. ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ, ತುದಿ ಅದೇ ಬದಿಯ ಕಿವಿಯ ಕಡೆಗಿರಲಿ. ನಡುಗೋಡೆಗೆ ಹೊಡೆದರೆ ರಕ್ತ ಬರಬಹುದು. ಆಮೇಲೆ ಸೊರ್ ಅಂತ ಎಳೆದುಕೊಂಡರೆ ಔಷಧಿ ನೇರ ಗಂಟಲಿಗೆ.

ಪಾಯಿಂಟ್ ಕುಕ್‌ನಿಂದ:
ಜಲನೇತಿ ಮಾಡಿ, ಅಂದರೆ ಉಪ್ಪು ನೀರಿನಿಂದ ಮೂಗು ತೊಳೆಯುವುದು. ಕುದಿಸಿ ಆರಿಸಿದ ನೀರೇ ಆಗಬೇಕು, ನಲ್ಲಿ ನೀರು ಬೇಡ. ಸ್ಪ್ರೇಗೆ ಮೊದಲು ಮಾಡಬೇಕು, ಆಮೇಲೆ ಅಲ್ಲ.

ವೆರಿಬೀಯಿಂದ:
ಗುಡುಗಿನ ವಿಷಯ ಯಾರೂ ಹೇಳಲಿಲ್ಲವಲ್ಲ. 2016ರ ನವೆಂಬರ್ 21, ಬಿಸಿಲು 35 ಡಿಗ್ರಿ ಹತ್ತಿರ, ಉತ್ತರದ ಗಾಳಿ, ಸಂಜೆ ಗುಡುಗಿನ ಜೊತೆ ಬಿರುಗಾಳಿ ನುಗ್ಗಿತು. ಸಾವಿರಾರು ಜನ ಉಸಿರು ಕಟ್ಟಿ ಆಸ್ಪತ್ರೆಗೆ ಓಡಿದರು, 10 ಜನ ತೀರಿಕೊಂಡರು. ಇಡೀ ಪರಾಗದ ಕಣ ಮೂಗಿನಲ್ಲೇ ನಿಲ್ಲುತ್ತದೆ, ಅದೇ ಕಣ ಒದ್ದೆಯಾಗಿ ಒಡೆದರೆ ಚೂರುಗಳು ಶ್ವಾಸಕೋಶದ ಆಳಕ್ಕೆ ಇಳಿಯುತ್ತವೆ. ಅವತ್ತು ನರಳಿದವರಲ್ಲಿ ಬಹಳ ಜನರಿಗೆ ಮೊದಲು ಅಸ್ತಮಾ ಇರಲೇ ಇಲ್ಲ, ಬರೀ ಹೇ ಫೀವರ್. ಆಸ್ಪತ್ರೆ ಸೇರಿದವರಲ್ಲಿ ಭಾರತ, ಶ್ರೀಲಂಕಾದಲ್ಲಿ ಹುಟ್ಟಿದವರ ಪಾಲು ಮಾಮೂಲಿಗಿಂತ ತುಂಬಾ ಜಾಸ್ತಿ ಇತ್ತು. ಆದ್ದರಿಂದ ಇದು ನಮಗೇ ಹೇಳಿದ ಮಾತು ಅಂದುಕೊಳ್ಳಿ. ಮೊದಲ ಮಳೆ ಬಂತು, ಮಣ್ಣಿನ ವಾಸನೆ ಅಂತ ಬಾಗಿಲು ತೆಗೆದು ನಿಲ್ಲುವ ನಮ್ಮ ಅಭ್ಯಾಸ ಇಲ್ಲಿ ನವೆಂಬರ್‌ನಲ್ಲಿ ಬೇಡ. ಅಕ್ಟೋಬರ್‌ನಿಂದ ಡಿಸೆಂಬರ್ ತನಕ ವಿಕ್ಟೋರಿಯಾ ಸರ್ಕಾರದ ವಿಕ್‌ಎಮರ್ಜೆನ್ಸಿ ಆ್ಯಪ್‌ನಲ್ಲಿ ಗುಡುಗು-ಅಸ್ತಮಾ ಮುನ್ಸೂಚನೆ ಬರುತ್ತದೆ, ಕೆಂಪು ಇದ್ದರೆ ಗಾಳಿ ಏಳುವ ಮೊದಲೇ ಒಳಗಿರಿ. ನೀಲಿ ಪಫರ್ (ಉಸಿರು ಸರಾಗ ಮಾಡುವ ಇನ್ಹೇಲರ್) ಡಾಕ್ಟರ್ ಚೀಟಿ ಇಲ್ಲದೆ ಫಾರ್ಮಸಿಯಲ್ಲಿ ಸಿಗುತ್ತದೆ, ಮನೆಯಲ್ಲೊಂದು ಇರಲಿ. ಅದಕ್ಕೆ ಸ್ಪೇಸರ್ (ಪಫರ್ ಬಾಯಿಗೆ ಜೋಡಿಸುವ ಕೊಳವೆ) ಹಾಕಿ ಒಂದೊಂದಾಗಿ 4 ಪಫ್, ಪ್ರತಿ ಪಫ್‌ಗೆ 4 ಉಸಿರು, 4 ನಿಮಿಷ ಕಾಯಿರಿ, ಸುಧಾರಿಸದಿದ್ದರೆ ತುರ್ತು ಸಂಖ್ಯೆ 000ಗೆ ಫೋನ್ ಮಾಡಿ ಮತ್ತೆ 4 ಪಫ್ ಕೊಡುತ್ತಿರಿ. ಉಸಿರಾಟ ತೀರಾ ಕಷ್ಟ ಅನಿಸಿದರೆ ಕಾಯುವುದೇ ಬೇಡ, ಮೊದಲೇ ಫೋನ್ ಮಾಡಿ.

ಬ್ರೈಟನ್‌ನಿಂದ:
ರಾಜ್ಯೋತ್ಸವದ ಪಿಕ್ನಿಕ್ಕನ್ನು ಹುಲ್ಲಿನ ಪಾರ್ಕಿನ ಬದಲು ಬೀಚಿನ ಹತ್ತಿರ ಇಡಿ ಅಂತ ಸಂಘದವರಿಗೆ ಹೇಳಿ ಹೇಳಿ ಸಾಕಾಗಿದೆ. ಮಕ್ಕಳು ಹುಲ್ಲಲ್ಲಿ ಹೊರಳಿ ರಾತ್ರಿಯೆಲ್ಲ ಕೆಮ್ಮುತ್ತವೆ.

ಟಾರ್ನೀಟ್‌ನಿಂದ ಮತ್ತೆ:
ಇಮ್ಯುನೋಥೆರಪಿ (ದೇಹಕ್ಕೆ ಪರಾಗವನ್ನು ನಿಧಾನಕ್ಕೆ ಒಗ್ಗಿಸುವ ಚಿಕಿತ್ಸೆ) ಬಗ್ಗೆಯೂ ಡಾಕ್ಟರ್ ಹತ್ತಿರ ಕೇಳಿ. ನಾಲಿಗೆ ಕೆಳಗೆ ಇಡುವ ಮಾತ್ರೆ, ಸುಮಾರು 3 ವರ್ಷದ ಕೋರ್ಸ್, ದುಬಾರಿ. ಸೀಸನ್‌ಗೆ ಕೆಲವು ತಿಂಗಳು ಮೊದಲೇ ಶುರು ಮಾಡಬೇಕು, ಹಾಗಾಗಿ ಈ ವರ್ಷದ ಮಟ್ಟಿಗೆ ಸ್ಪ್ರೇನೇ ಗತಿ.